ಲಾರಿಗೆ ಯಾವ ಊರು?

ಹೊರನಾಡಿನಲ್ಲಿ ಇಬ್ಬರು ಕನ್ನಡಿಗರು ಭೇಟಿಯಾದರೆ ಹೆಸರು ಕೇಳುವ ಮೊದಲೇ ಬರುವ ಪ್ರಶ್ನೆ "ನಿಮ್ದು ಯಾವೂರು?" ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ದುಡಿದು, ಅದರಲ್ಲಿ ಮುಕ್ಕಾಲು ಪಾಲನ್ನು ಮುಂಬೈ, ದೆಹಲಿ, ಹೈದರಾಬಾದುಗಳಲ್ಲಿ ಕಳೆದು, ಈಗ ನವಿ ಮುಂಬೈಯಲ್ಲಿ ನೆಲೆಸಿರುವ ನನಗೆ ಈ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟವಲ್ಲ. ರಾಣೆಬೆನ್ನೂರು ತಾಲ್ಲೂಕು ಅಂತೀನಿ. ಅಲ್ಲಿ ಈಗ ಮನೆಯಿಲ್ಲ, ರೇಷನ್ ಕಾರ್ಡಿಲ್ಲ, ಓಟಿಲ್ಲ. ಆದರೂ ಊರು ಅದೇ. ಯಾರೂ ದಾಖಲೆ ಕೇಳುವುದಿಲ್ಲ.

ಇದೇ ಪ್ರಶ್ನೆಯನ್ನು ಒಂದು ಲಾರಿಗೆ ಕೇಳಿ ನೋಡಿ. ಅದರ ಮಾಲೀಕ ವಿಜಯಪುರ ಜಿಲ್ಲೆಯವನು, ಸಾಲ ಕೊಟ್ಟಿದ್ದು ವಾಶಿಯ ಬ್ಯಾಂಕು, ರಾತ್ರಿ ನಿಲ್ಲುವುದು ಕಳಂಬೋಲಿಯಲ್ಲಿ, ಲೋಡು ಸಿಕ್ಕುವುದು ಗುಜರಾತಿನಲ್ಲಿ, ಇಳಿಸುವುದು ಚೆನ್ನೈಯಲ್ಲಿ. ವರ್ಷದ ಬಹುಪಾಲು ಅದು ರಸ್ತೆಯ ಮೇಲೇ ಇರುತ್ತದೆ. ಅದಕ್ಕೆ ಯಾವೂರು? ಗಾಡಿಯನ್ನು ಸಾಮಾನ್ಯವಾಗಿ ಎಲ್ಲಿ ಇರಿಸುತ್ತಾರೋ ಅಲ್ಲಿ ನೋಂದಾಯಿಸಬೇಕು ಎನ್ನುತ್ತದೆ ಕಾನೂನು. ಎಲ್ಲೂ ಇರಿಸದೆ ಓಡಿಸುತ್ತಲೇ ಇರುವುದಕ್ಕೆಂದು ಕೊಂಡ ಗಾಡಿಗೆ ಈ ಮಾತು ಹೇಗೆ ಹೊಂದಬೇಕು?

ನಾನು ಇತಿಹಾಸ ಓದಿದವನಲ್ಲ, ಎಂ.ಕಾಂ. ಮಾಡಿ ಬ್ಯಾಂಕಿಗೆ ಸೇರಿದವನು. ಆದರೆ ಸಾಲ ವಿಭಾಗದಲ್ಲಿ ಕೂತು ನೂರಾರು ಲಾರಿಗಳ ಆರ್‌ಸಿ ಬುಕ್ಕು, ಪರ್ಮಿಟ್ಟು, ತೆರಿಗೆ ರಸೀದಿಗಳನ್ನು ತಿರುವಿ ಹಾಕಿದ್ದೇನೆ. ಆ ಕಾಗದಗಳ ಹಿಂದೆ ನೂರು ವರ್ಷಗಳ ಕಥೆಯಿದೆ. ನಿವೃತ್ತಿಯಾದ ಮೇಲೆ ಸಮಯ ಸಿಕ್ಕಿತು, ಅದನ್ನು ಒಂದು ಕಡೆ ಜೋಡಿಸಿ ನೋಡಿದೆ.

ಹೊಳೆ ದಾಟಿದರೆ ಬೇರೆ ಸರ್ಕಾರ

ನಮ್ಮ ಕಡೆಯವರಿಗೆ ತುಂಗಭದ್ರಾ ಹೊಳೆಯೇ ಗಡಿ. ಈ ಕಡೆ ಕುಮಾರಪಟ್ಟಣ, ರಾಣೆಬೆನ್ನೂರು, ಬ್ಯಾಡಗಿ, ಎಲ್ಲಾ ಮುಂಬೈ ಪ್ರಾಂತ್ಯ. ಆ ಕಡೆ ಹರಿಹರ, ದಾವಣಗೆರೆ, ಮೈಸೂರು ಮಹಾರಾಜರ ಸೀಮೆ. ಬೀದರ, ಕಲಬುರಗಿ, ರಾಯಚೂರು ನಿಜಾಮರ ಕೈಯಲ್ಲಿ. ಮಂಗಳೂರು, ಬಳ್ಳಾರಿ ಮದ್ರಾಸಿಗೆ. ಕೊಡಗು ಬೇರೆಯೇ. ಕನ್ನಡ ಮಾತಾಡುವ ನೆಲದಲ್ಲಿ ಒಂದು ಮೋಟಾರು ನೂರೈವತ್ತು ಮೈಲಿ ಓಡಿದರೆ ಎರಡು ಮೂರು ಸರ್ಕಾರಗಳಿಗೆ ಲೆಕ್ಕ ಹೇಳಬೇಕಿತ್ತು.

ಬ್ರಿಟಿಷ್ ಇಂಡಿಯಾಕ್ಕೆಲ್ಲ ಅನ್ವಯವಾಗುವ ಮೊದಲ ಮೋಟಾರು ವಾಹನ ಕಾನೂನು ಬಂದದ್ದು 1914ರಲ್ಲಿ. ಗಾಡಿಗೆ ನಂಬರು, ಓಡಿಸುವವನಿಗೆ ಲೈಸೆನ್ಸು ಕಡ್ಡಾಯ ಎಂದಿಷ್ಟು ಹೇಳಿ, ಉಳಿದ ನಿಯಮಗಳನ್ನು ಪ್ರಾಂತ್ಯ ಸರ್ಕಾರಗಳಿಗೇ ಬಿಟ್ಟಿತ್ತು. ದೇಶೀ ಸಂಸ್ಥಾನಗಳಿಗೆ ಅದು ತಾಗುತ್ತಿರಲಿಲ್ಲ, ಅವುಗಳ ಕಾನೂನು ಅವಕ್ಕೇ. ನಿಜಾಮರಂತೂ 1932ರಲ್ಲಿ ತಮ್ಮ ರೈಲ್ವೆಯ ಜೊತೆಗೇ ಸರ್ಕಾರಿ ಬಸ್ಸು ಶುರು ಮಾಡಿದರು. 27 ಬಸ್ಸುಗಳಿಂದ ಆರಂಭವಾದ ಆ ಇಲಾಖೆಯೇ ಮುಂದೆ ಆಂಧ್ರದ, ಈಗ ತೆಲಂಗಾಣದ ಸಾರಿಗೆ ಸಂಸ್ಥೆಗಳ ಮೂಲ.

ಹಾಗೆಂದು ವ್ಯಾಪಾರ ನಿಲ್ಲುತ್ತದೆಯೆ? ಬ್ಯಾಡಗಿಯ ಮೆಣಸಿನಕಾಯಿಗೆ, ದಾವಣಗೆರೆಯ ಹತ್ತಿಗೆ ಗಡಿ ಗೊತ್ತಿರಲಿಲ್ಲ. ಗಡಿ ಗೊತ್ತಿದ್ದದ್ದು ಗಾಡಿಗೆ ಮಾತ್ರ. 1956ರ ನವೆಂಬರ್ 1ರಂದು ರಾಜ್ಯ ಒಂದಾದಾಗ ಕವಿಗಳು ನಾಡಿನ ಬಗ್ಗೆ ಬರೆದರು. ನಮ್ಮ ಕಡೆಯ ಲಾರಿ ಮಾಲೀಕರಿಗೆ ಏಕೀಕರಣ ಅಂದರೆ ಹರಿಹರದ ಸೇತುವೆಯ ಎರಡೂ ತುದಿಯಲ್ಲಿ ಒಂದೇ ಸರ್ಕಾರ ಎಂದರ್ಥ. ಅದೂ ಮರುದಿನವೇ ಆಗಲಿಲ್ಲ. ಐದು ಕಡೆಯಿಂದ ಬಂದ ಐದು ಬಗೆಯ ಕಾನೂನುಗಳನ್ನು ಒಂದು ಮಾಡಲು ಮೋಟಾರು ವಾಹನ ತೆರಿಗೆ ಕಾಯ್ದೆ 1957ರಲ್ಲಿ ಬರಬೇಕಾಯಿತು. ಇವತ್ತಿಗೂ ಕರ್ನಾಟಕದಲ್ಲಿ ಗಾಡಿ ತೆರಿಗೆ ವಸೂಲಾಗುವುದು, ನಂತರದ ಹತ್ತಾರು ತಿದ್ದುಪಡಿಗಳ ಸಮೇತ, ಅದೇ ಕಾಯ್ದೆಯ ಪ್ರಕಾರ. ಒಳಗಿನ ಗಡಿ ಅಳಿಸಿತು. ಹೊರಗಿನ ಗಡಿ ಅತ್ತಿಬೆಲೆ, ಕೊಗನೊಳ್ಳಿ, ತಲಪಾಡಿ, ಮಾಜಾಳಿಗಳಿಗೆ ಹೋಗಿ ಕೂತಿತು.

ಪರ್ಮಿಟ್ ಹುಟ್ಟಿದ್ದು ಯಾರಿಗಾಗಿ?

ನಂಬರು ಬೇರೆ, ಪರ್ಮಿಟ್ಟು ಬೇರೆ. ಈ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಮುಂದಿನ ಕಥೆ ಅರ್ಥವಾಗುವುದಿಲ್ಲ. ನಂಬರು ಅಂದರೆ ಗಾಡಿಯ ಗುರುತು. ಒಂದು ರಾಜ್ಯದಲ್ಲಿ ಪಡೆದ ನೋಂದಣಿ ದೇಶಕ್ಕೆಲ್ಲ ಸಲ್ಲುತ್ತದೆ. ನಮ್ಮ ನಿಮ್ಮ ಸ್ಕೂಟರು, ಕಾರುಗಳಿಗೆ ಅಷ್ಟು ಸಾಕು. ಬಾಡಿಗೆಗೆ ಓಡುವ ಗಾಡಿಗೆ ಮಾತ್ರ ನೋಂದಣಿಯ ಮೇಲೆ ಪರ್ಮಿಟ್ಟೂ ಬೇಕು. ಯಾವ ದಾರಿಯಲ್ಲಿ, ಯಾವ ಸೀಮೆಯಲ್ಲಿ ಬಾಡಿಗೆ ಮಾಡಬಹುದು ಎಂಬ ಅಪ್ಪಣೆ ಅದು.

ಈ ಪರ್ಮಿಟ್ ಪದ್ಧತಿ ಅಪಘಾತ ತಡೆಯಲೋ ರಸ್ತೆ ಉಳಿಸಲೋ ಬಂತು ಎಂದು ಬಹಳ ಜನ ತಿಳಿದಿದ್ದಾರೆ. ಅಸಲು ಕಾರಣಗಳಲ್ಲಿ ದೊಡ್ಡದು ರೈಲು. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ರೈಲ್ವೆಯ ಆದಾಯ ಕುಸಿದಿತ್ತು. ಅದೇ ಹೊತ್ತಿಗೆ ಬಸ್ಸು ಲಾರಿಗಳು ರೈಲಿನ ಪಕ್ಕದ ರಸ್ತೆಯಲ್ಲೇ ಓಡಿ ಗಿರಾಕಿಗಳನ್ನು ಎಳೆಯತೊಡಗಿದವು. ಸರ್ಕಾರ ಮಿಚೆಲ್ ಮತ್ತು ಕರ್ಕ್‌ನೆಸ್ ಎಂಬ ಇಬ್ಬರು ಅಧಿಕಾರಿಗಳಿಂದ ವಿಚಾರಣೆ ಮಾಡಿಸಿ, 1933ರಲ್ಲಿ ಸಿಮ್ಲಾದಲ್ಲಿ ರಸ್ತೆ ರೈಲು ಸಮ್ಮೇಳನ ನಡೆಸಿತು. ಇದರ ಫಲವೇ 1939ರ ಮೋಟಾರು ವಾಹನ ಕಾಯ್ದೆ. ಸಾರಿಗೆ ಪ್ರಾಧಿಕಾರಗಳು, ಪರ್ಮಿಟ್ಟುಗಳು, ಒಂದು ಪ್ರದೇಶದ ಪರ್ಮಿಟ್ಟು ಇನ್ನೊಂದರಲ್ಲಿ ಸಲ್ಲಬೇಕಾದರೆ ಅಲ್ಲಿನ ಪ್ರಾಧಿಕಾರದ ಮರುಸಹಿ ಬೇಕೆಂಬ ನಿಯಮ, ಎಲ್ಲವೂ ಆ ಕಾಯ್ದೆಯವು. ನಮ್ಮವರ ಬಾಯಲ್ಲಿ ಅದು 'ಕೌಂಟರ್ ಸೈನು'.

ಬ್ರಿಟಿಷರು ಹೋದರು, ಕೌಂಟರ್ ಸೈನು ಉಳಿಯಿತು. ರಾಜ್ಯಗಳಿಗೆ ಅದು ಒಗ್ಗಿಹೋಗಿತ್ತು. ರಸ್ತೆಯ ಮೇಲೆ ಓಡುವ ವಾಹನಗಳಿಗೆ ತೆರಿಗೆ ಹಾಕುವ ಅಧಿಕಾರವನ್ನು ಸಂವಿಧಾನ ರಾಜ್ಯಗಳಿಗೆ ಕೊಟ್ಟಿದೆ. ಇನ್ನೊಂದು ಕಡೆ 301ನೇ ವಿಧಿಯಲ್ಲಿ ಭಾರತದೊಳಗೆ ವ್ಯಾಪಾರ, ಸಂಚಾರ ಮುಕ್ತ ಎಂದೂ ಬರೆದಿದೆ. ಇವೆರಡೂ ಢಿಕ್ಕಿ ಹೊಡೆಯದೆ ಇರುತ್ತವೆಯೆ?

ಹೊಡೆದವು. ಅಜ್ಮೇರ ಆಗಿನ್ನೂ ಪ್ರತ್ಯೇಕ ಪುಟ್ಟ ರಾಜ್ಯ, ಸುತ್ತಲೂ ರಾಜಸ್ಥಾನ. ಅಜ್ಮೇರದಲ್ಲಿ ನೋಂದಣಿಯಾದ ಬಸ್ಸುಗಳು ದಾರಿಯಲ್ಲಿ ರಾಜಸ್ಥಾನದ ತುಂಡು ನೆಲವನ್ನು ದಾಟಬೇಕಿತ್ತು. ರಾಜಸ್ಥಾನ 1951ರ ತನ್ನ ಕಾಯ್ದೆಯಂತೆ ತೆರಿಗೆ ಕೇಳಿತು. ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. 1962ರಲ್ಲಿ ತೀರ್ಪು ಬಂತು. ರಸ್ತೆ ಬಳಸಿದ್ದಕ್ಕೆ ಪ್ರತಿಯಾಗಿ ವಸೂಲು ಮಾಡುವ ತೆರಿಗೆ ವ್ಯಾಪಾರದ ಸ್ವಾತಂತ್ರ್ಯಕ್ಕೆ ಅಡ್ಡಿಯಲ್ಲ ಎಂದರು ಬಹುಮತದ ನ್ಯಾಯಮೂರ್ತಿಗಳು. ಅಂದರೆ, ರಸ್ತೆ ಹಾಕಿಕೊಟ್ಟಿದ್ದೇವೆ, ಸವೆಸಿದ್ದೀರಿ, ದುಡ್ಡು ಕೊಡಿ. ಈ 'ಪರಿಹಾರ ತೆರಿಗೆ' ಸಿದ್ಧಾಂತ ಐವತ್ತು ವರ್ಷಕ್ಕೂ ಮೀರಿ ನಡೆಯಿತು. 2016ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಅದನ್ನು ಕೈಬಿಟ್ಟಿತಾದರೂ, ತಾರತಮ್ಯ ಮಾಡದ ತೆರಿಗೆ ಹಾಕಲು ರಾಜ್ಯಗಳಿಗಿರುವ ಅಧಿಕಾರವನ್ನು ಮುಟ್ಟಲಿಲ್ಲ.

ಸಮಿತಿಗಳೂ ಸಾಲಾಗಿ ಬಂದವು. ರಾಜ್ಯ ರಾಜ್ಯಗಳ ನಡುವಿನ ಸಾರಿಗೆಗೆಂದು ಆಯೋಗವೊಂದಕ್ಕೆ 1956ರ ತಿದ್ದುಪಡಿಯಲ್ಲಿ ಜಾಗ ಮಾಡಿದರು. 1959ರಲ್ಲಿ ಮಸಾನಿ ಸಮಿತಿ. 1960ರ ದಶಕದ ನಡುವಿನಲ್ಲಿ ರಸ್ತೆ ಸಾರಿಗೆ ತೆರಿಗೆಗಳ ವಿಚಾರಣೆಗೆ ಬಿ.ವಿ. ಕೇಸ್ಕರ್ ಸಮಿತಿ. ಆಕಾಶವಾಣಿಯಿಂದ ಸಿನಿಮಾ ಹಾಡು ಕಿತ್ತುಹಾಕಿದ ಮಂತ್ರಿ ಅಂತ ಹಳಬರು ನೆನೆಯುವ ಕೇಸ್ಕರರೇ ಇವರು. ರೇಡಿಯೋ ಹಾಡಿಗೆ ತಡೆ ಹಾಕಿದವರ ಮುಂದೆ ಈಗ ಲಾರಿಗಳಿಗಿರುವ ತಡೆಗಳ ಕಡತ ಬಂದಿತ್ತು!

ಒಣಗಿದ ಎಲೆಯ ಬಣ್ಣ

ಮೊದಲ ದೊಡ್ಡ ಬದಲಾವಣೆ 1975ರದು. ನ್ಯಾಷನಲ್ ಪರ್ಮಿಟ್ ನಿಯಮಗಳು ಆ ವರ್ಷ ಬಂದವು. ತವರು ರಾಜ್ಯದ ಪ್ರಾಧಿಕಾರವೇ ಹೊರರಾಜ್ಯಗಳಿಗೂ ಸೇರಿಸಿ ಪರ್ಮಿಟ್ ಕೊಡಬಹುದು, ಕೌಂಟರ್ ಸೈನಿಗೆ ಅಲೆಯಬೇಕಿಲ್ಲ. ಆದರೆ ಪ್ರತಿ ರಾಜ್ಯಕ್ಕೂ ಇಷ್ಟೇ ಪರ್ಮಿಟ್ಟು ಎಂಬ ಕೋಟಾ ಇತ್ತು. ಕೋಟಾ ಇದ್ದಲ್ಲಿ ಶಿಫಾರಸು ಇರುತ್ತದೆ ಎಂದು ಬೇರೆ ಹೇಳಬೇಕಿಲ್ಲ.

1988ರ ಹೊಸ ಮೋಟಾರು ವಾಹನ ಕಾಯ್ದೆ 1989ರ ಜುಲೈಯಲ್ಲಿ ಜಾರಿಗೆ ಬಂತು. ಮೂರು ಅಕ್ಷರದ ಹಳೇ ನಂಬರುಗಳು ಹೋಗಿ ಕೆಎ, ಎಂಎಚ್, ಎಪಿ, ಟಿಎನ್, ಡಿಎಲ್ ಎಂದು ರಾಜ್ಯ ಗುರುತಾಗುವ ನಂಬರುಗಳು ಬಂದದ್ದು ಆಗಲೇ. ಇಡೀ ದೇಶಕ್ಕೆ ಅಥವಾ ತವರು ರಾಜ್ಯವೂ ಸೇರಿ ಒಂದಕ್ಕೊಂದು ಹೊಂದಿಕೊಂಡ ಕನಿಷ್ಠ ನಾಲ್ಕು ರಾಜ್ಯಗಳಿಗೆ ನ್ಯಾಷನಲ್ ಪರ್ಮಿಟ್ ಪಡೆಯಬಹುದು ಎಂದಾಯಿತು. ಅಂಥ ಲಾರಿಗೆ ಒಣಗಿದ ಎಲೆಯ ಕಂದು ಬಣ್ಣ, ಬಿಳಿ ಅಂಚು, ಮುಂದೆ ಹಿಂದೆ 'ನ್ಯಾಷನಲ್ ಪರ್ಮಿಟ್' ಎಂಬ ಬರಹ. ಗಾಡಿಗೆ ಹನ್ನೆರಡು ವರ್ಷ ತುಂಬಿದರೆ ಪರ್ಮಿಟ್ ಇಲ್ಲ, ಮಲ್ಟಿ ಆಕ್ಸಲ್ ಆದರೆ ಹದಿನೈದು. ಹೆದ್ದಾರಿಯಲ್ಲಿ ಆ ಕಂದು ಲಾರಿಗಳನ್ನು ನೀವೆಲ್ಲ ನೋಡಿದ್ದೀರಿ. ಆ ಬಣ್ಣ ಮಾಲೀಕರ ಆಯ್ಕೆಯಾಗಿರಲಿಲ್ಲ, ನಿಯಮ ಪುಸ್ತಕದಲ್ಲಿ ಇದ್ದದ್ದು.

ಬ್ಯಾಂಕಿನವರಾದ ನಮಗೆ ಈ ಪದ್ಧತಿಯ ಪರಿಚಯವಾದದ್ದು ಡಿ.ಡಿ.ಗಳ ಮೂಲಕ. ಲಾರಿ ಯಾವ ಯಾವ ರಾಜ್ಯಕ್ಕೆ ಹೋಗಬೇಕೋ ಅಷ್ಟೂ ರಾಜ್ಯಗಳಿಗೆ ತೆರಿಗೆಯ ಬದಲು 'ಕಾಂಪೋಸಿಟ್ ಫೀ' ಅಂತ ಬೇರೆ ಬೇರೆ ಡಿಮಾಂಡ್ ಡ್ರಾಫ್ಟು ತೆಗೆಯಬೇಕು. ಜೈಪುರಕ್ಕೆ ಒಂದು, ಅಹಮದಾಬಾದಿಗೆ ಒಂದು, ಚೆನ್ನೈಗೆ ಒಂದು, ತಿರುವನಂತಪುರಕ್ಕೆ ಒಂದು. ಎಲ್ಲವನ್ನೂ ತವರು ರಾಜ್ಯದ ಕಚೇರಿಗೆ ಕೊಟ್ಟರೆ ಅವರು ಆಯಾ ರಾಜ್ಯಗಳಿಗೆ ಕಳಿಸಬೇಕು. ಮೊದಲು ಕೆಲವೇ ನೂರು ರೂಪಾಯಿ ಇದ್ದ ಈ ಫೀ ಏರುತ್ತಾ ಹೋಗಿ 2000ದ ದಶಕದಲ್ಲಿ ಹೆಚ್ಚಿನ ರಾಜ್ಯಗಳಿಗೆ ವರ್ಷಕ್ಕೆ 5,000 ಆಗಿತ್ತು. ಹತ್ತು ರಾಜ್ಯ ಅಂದರೆ 50,000. ಪರ್ಮಿಟ್ ನವೀಕರಣದ ದಿನಗಳಲ್ಲಿ ನಮ್ಮ ಕೌಂಟರಿನ ಮುಂದೆ ಮಾಲೀಕರ ಸಾಲು. ಒಂದೊಂದೇ ಡ್ರಾಫ್ಟು ಬರೆದು, ಸಹಿ ಹಾಕಿ, ರಿಜಿಸ್ಟರಿಗೆ ಏರಿಸುವಷ್ಟರಲ್ಲಿ ಮಧ್ಯಾಹ್ನ ಆಗುತ್ತಿತ್ತು. ಡ್ರಾಫ್ಟು ದಾರಿಯಲ್ಲಿ ಕಳೆದರೆ, ಆರು ತಿಂಗಳಾದರೂ ಅಲ್ಲಿಂದ ಹಣ ಕೇಳಿ ಬರದಿದ್ದರೆ, ಮತ್ತೆ ಪತ್ರವ್ಯವಹಾರ.

ಇಂಡಿಯ ಲಿಂಬೆ, ವಾಶಿಯ ಮಾರುಕಟ್ಟೆ

ಆ ಸಾಲಿನಲ್ಲಿ ನಿಲ್ಲುತ್ತಿದ್ದವರಲ್ಲಿ ಇಂಡಿ ತಾಲ್ಲೂಕಿನ ಒಬ್ಬ ಲಾರಿ ಮಾಲೀಕ ಇದ್ದ. ಹೆಸರು ಬೇಡ. ಕೆಎ-28 ನಂಬರಿನ ಒಂದೇ ಗಾಡಿ, ತಾನೇ ಡ್ರೈವರು, ತಮ್ಮ ಕ್ಲೀನರು. ಇಂಡಿಯಿಂದ ಲಿಂಬೆಹಣ್ಣು ಹೇರಿಕೊಂಡು ಸೋಲಾಪುರ, ಪುಣೆ ದಾಟಿ ವಾಶಿಯ ಎಪಿಎಂಸಿಗೆ ಬರುತ್ತಿದ್ದ. ಕನ್ನಡದವನು ಅಂತ ನನ್ನ ಟೇಬಲ್ಲಿಗೇ ಬಂದು ಕೂರುವನು.

"ಸಾಹೇಬ್ರ, ದ್ರೌಪದಿಗಿ ಐದ್ ಮಂದಿ ಗಂಡಂದ್ರು. ನನ್ನ ಗಾಡಿಗಿ ಎಂಟ್ ಮಂದಿ. ಎಲ್ಲಾರೂ ರೊಕ್ಕಾ ಕೇಳಾವ್ರು. ರಸ್ತಾದಾಗ ಕೆಟ್ಟು ನಿಂತ್ರ ಕೈ ಹಿಡಿಯಾವ್ರು ಯಾರೂ ಇಲ್ಲ" ಅನ್ನುತ್ತಿದ್ದ.

ಅವನ ನಿಜವಾದ ಕಷ್ಟ ರೊಕ್ಕದ್ದಲ್ಲ, ರಿಟರ್ನ್ ಲೋಡಿನದು. ನ್ಯಾಷನಲ್ ಪರ್ಮಿಟ್ ಇದ್ದರೂ ಒಂದು ಕಟ್ಟು ಇದೆ. ತವರಲ್ಲದ ರಾಜ್ಯದಲ್ಲಿ, ಆ ರಾಜ್ಯದೊಳಗಿನ ಒಂದು ಊರಿನಿಂದ ಇನ್ನೊಂದು ಊರಿಗೆ ಮಾಲು ಸಾಗಿಸುವಂತಿಲ್ಲ. ಕೆಎ ಗಾಡಿ ವಾಶಿಯಲ್ಲಿ ಹೇರಿ ಹುಬ್ಬಳ್ಳಿಯಲ್ಲಿ ಇಳಿಸಬಹುದು, ವಾಶಿಯಲ್ಲಿ ಹೇರಿ ನಾಸಿಕದಲ್ಲಿ ಇಳಿಸುವಂತಿಲ್ಲ. ಹೀಗಾಗಿ ಊರ ಕಡೆಯ ಲೋಡಿಗೆ ಕಾಯುತ್ತಾ ನಾಲ್ಕೈದು ದಿನ ಕಳಂಬೋಲಿಯಲ್ಲಿ ಗಾಡಿ ನಿಲ್ಲಿಸಿಕೊಂಡು ಕೂರುವನು. ಪಕ್ಕದ ಎಂಎಚ್ ಗಾಡಿಯವನು ಅಷ್ಟರಲ್ಲಿ ನಾಸಿಕಕ್ಕೆ ಎರಡು ಟ್ರಿಪ್ಪು ಹೊಡೆದಿರುತ್ತಿದ್ದ. ಗಾಡಿ ನಿಂತರೂ ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ಅದನ್ನು ಅವನಿಗೆ ಹೇಳಬೇಕಾದವನು ನಾನೇ.

ಕೊನೆಗೆ ಗಾಡಿಯನ್ನು ಮಹಾರಾಷ್ಟ್ರಕ್ಕೆ ವರ್ಗ ಮಾಡಿಸುವ ನಿರ್ಧಾರ ಮಾಡಿದ. ನಮಗೆ ವರ್ಗವಾದರೆ ಒಂದು ಆರ್ಡರು, ಒಂದು ರಿಲೀವಿಂಗ್ ಪತ್ರ ಸಾಕು. ಗಾಡಿಯ ವರ್ಗ ಹಾಗಲ್ಲ. ಕರ್ನಾಟಕದ ತೆರಿಗೆ ಪೂರ್ತಿ ಕಟ್ಟಿದ ದಾಖಲೆ, ಹಳೇ ಪರ್ಮಿಟ್ ಒಪ್ಪಿಸಿದ ದಾಖಲೆ, ಪೊಲೀಸರಿಂದ ಕೇಸಿಲ್ಲವೆಂಬ ದಾಖಲೆ, ನಮೂನೆ 28ರಲ್ಲಿ ಅಲ್ಲಿನ ಆರ್‌ಟಿಓ ನಿರಾಕ್ಷೇಪಣೆ, ನಮೂನೆ 27ರಲ್ಲಿ ಇಲ್ಲಿ ಹೊಸ ನಂಬರಿಗೆ ಅರ್ಜಿ, ಚಾಸಿ ನಂಬರಿನ ಪೆನ್ಸಿಲ್ ಅಚ್ಚು. ಆರ್‌ಸಿಯಲ್ಲಿ ಬ್ಯಾಂಕಿನ ಎಚ್‌ಪಿ ಇದ್ದುದರಿಂದ ನಮ್ಮ ಒಪ್ಪಿಗೆ ಪತ್ರವೂ ಬೇಕು. ನಾನು ಅದೇ ದಿನ ಕೊಟ್ಟೆ. ಒಂದು ಕಚೇರಿಯಲ್ಲಿ ಕಡತ ಸಿಗುತ್ತಿಲ್ಲವೆಂದು, ಇನ್ನೊಂದರಲ್ಲಿ ಸಾಹೇಬರು ರಜೆಯೆಂದು, ಗಾಡಿ ಎರಡು ತಿಂಗಳು ನಿಂತಿತು. ಎರಡು ಕಂತು ಬಾಕಿ ಬಿತ್ತು. ಕಡೆಗೂ ಎಂಎಚ್ ನಂಬರು ಬಂತು. ಪೆಟ್ಟಿಗೆ ಪೇಡೆ ತಂದುಕೊಟ್ಟ.

ಒಂದು ವರ್ಷ ಬಿಟ್ಟು ಸಿಕ್ಕಾಗ ಕೇಳಿದೆ, "ಈಗ ಆರಾಮೇನಪಾ?"

"ಎಲ್ಲಿ ಆರಾಮ್ರಿ ಸಾಹೇಬ್ರ! ಈಗ ವಾಶಿಯಿಂದ ನಾಸಿಕಕ್ಕ ಹೋಗಬೌದು, ಖರೆ. ಆದ್ರ ನಮ್ಮ ಇಂಡಿಯಿಂದ ಬೆಂಗಳೂರಿಗೆ ಲಿಂಬಿಕಾಯಿ ಒಯ್ಯಂಗಿಲ್ಲಂತ. ನಮ್ಮೂರಾಗ ನಾನs ಪರದೇಶಿ ಆದೆ."

ನಿಯಮದ ಪ್ರಕಾರ ಅದು ಸರಿಯೇ. ಗಾಡಿಯ ತವರು ಬದಲಾದ ಮೇಲೆ ಕರ್ನಾಟಕ ಅದಕ್ಕೆ ಪರರಾಜ್ಯ. ಮನುಷ್ಯನಿಗಾದರೆ ಎರಡು ಊರು ಇರಬಹುದು, ಹುಟ್ಟಿದ್ದೊಂದು, ದುಡಿಯುವುದೊಂದು. ಗಾಡಿಗೆ ಒಂದೇ. ಹತ್ತು ಲಾರಿ ಇರುವವನು ಐದನ್ನು ಅಲ್ಲಿ, ಐದನ್ನು ಇಲ್ಲಿ ನೋಂದಾಯಿಸಿ ಎರಡೂ ಕಡೆ ದುಡಿಯುತ್ತಾನೆ. ಒಂದೇ ಲಾರಿ ಇರುವವನು ಯಾವುದಾದರೂ ಒಂದು ಕಡೆ ಕಳೆದುಕೊಳ್ಳಲೇಬೇಕು. ನಿಯಮ ಎಲ್ಲರಿಗೂ ಒಂದೇ, ಭಾರ ಮಾತ್ರ ಒಂದೇ ಅಲ್ಲ. ಲಾರಿ ಸಾಲದ ಕಡತಗಳಿಂದ ನಾನು ಕಲಿತ ದೊಡ್ಡ ಪಾಠ ಇದು.

ಒಂದೇ ಫೀ

2010ರ ಮೇ 8ರಿಂದ ಹೊಸ ನ್ಯಾಷನಲ್ ಪರ್ಮಿಟ್ ಪದ್ಧತಿ ಬಂತು. ರಾಜ್ಯಕ್ಕೊಂದು ಡ್ರಾಫ್ಟು ರದ್ದಾಯಿತು. ವರ್ಷಕ್ಕೆ 15,000 ರೂಪಾಯಿ ಕಾಂಪೋಸಿಟ್ ಫೀ, ಜೊತೆಗೆ ತವರು ರಾಜ್ಯಕ್ಕೆ 1,000 ಕಟ್ಟಿದರೆ ದೇಶವೆಲ್ಲ ಓಡಾಡಬಹುದು. ಹಣ ಸ್ಟೇಟ್ ಬ್ಯಾಂಕಿನ ಮೂಲಕ ಒಂದೇ ಕಡೆ ಜಮೆಯಾಗಿ, ಒಪ್ಪಿದ ಸೂತ್ರದಂತೆ ರಾಜ್ಯಗಳಿಗೆ ಹಂಚಿಕೆಯಾಗುತ್ತದೆ. 2012ರ ಏಪ್ರಿಲ್‌ನಿಂದ ಅದನ್ನು 16,500 ಮಾಡಿದರು.

ಲೆಕ್ಕ ನೋಡಿ. ಹತ್ತು ಹೊರರಾಜ್ಯ ಸುತ್ತುವವನಿಗೆ 50,000ದ ಜಾಗದಲ್ಲಿ 15,000. ಭಾರಿ ಉಳಿತಾಯ. ಆದರೆ ಹಳೇ ಪದ್ಧತಿಯಲ್ಲಿ ಕನಿಷ್ಠ ನಾಲ್ಕು ರಾಜ್ಯ ಎಂದರೆ ತವರು ಬಿಟ್ಟು ಮೂರು. ಮೂರೈದಲಿ ಹದಿನೈದು. ಅಕ್ಕಪಕ್ಕದ ಮೂರು ರಾಜ್ಯಗಳಷ್ಟೇ ಸಾಕಾಗಿದ್ದ ಸಣ್ಣ ಮಾಲೀಕನಿಗೆ ಉಳಿದದ್ದು ಡ್ರಾಫ್ಟಿನ ಕಮಿಷನ್ನು, ಅಲೆದಾಟ ಮಾತ್ರ. ಅದೂ ಕಡಿಮೆಯದಲ್ಲ ಅನ್ನಿ. ನಮ್ಮ ಕೌಂಟರಿನ ಸಾಲು ಒಂದೇ ವರ್ಷದಲ್ಲಿ ಕರಗಿತು.

ಆಮೇಲೆ ಉಳಿದ ತಡೆಗಳೂ ಒಂದೊಂದೇ ಸಡಿಲಾದವು. ಕರ್ನಾಟಕ ಆಕ್ಟ್ರಾಯ್ ತೆಗೆದದ್ದು 1979ರಲ್ಲೇ. ಮುಂಬೈಯಲ್ಲಿ ಅದು ಜಿಎಸ್‌ಟಿ ಬರುವ ತನಕ, ಅಂದರೆ 2017ರ ಜುಲೈ 1ರ ತನಕ ಇತ್ತು. ದಹಿಸರ, ಮುಲುಂಡ ನಾಕಾಗಳಲ್ಲಿ ಲಾರಿಗಳು ಮೈಲುದ್ದ ನಿಲ್ಲುತ್ತಿದ್ದುದನ್ನು ಕಂಡವರಿಗೆ ಆ ದಿನದ ಬೆಲೆ ಗೊತ್ತು. ಮಾರಾಟ ತೆರಿಗೆಯ ಚೆಕ್‌ಪೋಸ್ಟುಗಳೂ ಅದರೊಂದಿಗೇ ಹೋದವು. 2018ರಲ್ಲಿ ಇ-ವೇ ಬಿಲ್ಲು, 2021ರ ಫೆಬ್ರವರಿಯಿಂದ ಟೋಲಿಗೆ ಕಡ್ಡಾಯ ಫಾಸ್ಟ್ಯಾಗ್. ಆರ್‌ಟಿಓ ಚೆಕ್‌ಪೋಸ್ಟುಗಳು ಮಾತ್ರ ಹಟ ಹಿಡಿದು ಕೂತವು. ಗುಜರಾತ್ 2019ರಲ್ಲಿ ಅವನ್ನು ಮುಚ್ಚಿತು. ಎಲ್ಲ ರಾಜ್ಯಗಳೂ ಅಷ್ಟು ಚುರುಕಾಗಲಿಲ್ಲ.

ಅಜ್ಜಿಯ ತಿಥಿಗೆ ಹೊರಟ ಟೂರಿಸ್ಟು

ಲಾರಿಯ ಕಥೆಗಿಂತ ಬಸ್ಸಿನ ಕಥೆ ನಮಗೆ ಹತ್ತಿರದ್ದು, ಏಕೆಂದರೆ ಅದರಲ್ಲಿ ನಾವೇ ಲೋಡು.

ಊರಿಂದೂರಿಗೆ ಟಿಕೆಟ್ ಹರಿದು, ದಾರಿಯಲ್ಲಿ ಹತ್ತಿಸಿ ಇಳಿಸುತ್ತಾ ಹೋಗುವ ಬಸ್ಸು ಸ್ಟೇಜ್ ಕ್ಯಾರೇಜು. ಅದು ರಾಜ್ಯ ದಾಟಬೇಕಾದರೆ ಎರಡು ಸರ್ಕಾರಗಳ ನಡುವೆ ಒಪ್ಪಂದ ಬೇಕು. ನೀವು ನಮ್ಮಲ್ಲಿ ಇಷ್ಟು ಕಿಲೋಮೀಟರ್ ಓಡಿಸಿ, ನಾವು ನಿಮ್ಮಲ್ಲಿ ಅಷ್ಟೇ ಓಡಿಸುತ್ತೇವೆ ಎಂಬ ತಕ್ಕಡಿ ಲೆಕ್ಕ. ಕರಡನ್ನು ಗೆಜೆಟ್ಟಿನಲ್ಲಿ ಪ್ರಕಟಿಸಿ, ಆಕ್ಷೇಪಣೆ ಕೇಳಿ, ಆಮೇಲೆ ಅಂತಿಮ. ನಮ್ಮ ಕೆಂಪು ಬಸ್ಸು ಮುಂಬೈಗೆ ಬರುವುದು, ಮಹಾರಾಷ್ಟ್ರದ ಎಸ್.ಟಿ. ಬೆಳಗಾವಿಗೆ ಹೋಗುವುದು ಇಂಥ ಒಪ್ಪಂದಗಳ ಬಲದಿಂದ. ಗಡಿ ಜಗಳ ಕಾವೇರಿದಾಗ ಮೊದಲು ನಿಲ್ಲುವುದೂ ಅವೇ. 2025ರ ಫೆಬ್ರವರಿಯಲ್ಲಿ ಕೂಡ ಹಾಗೇ ಆಯಿತು. ಗಾಜು ಒಡೆಸಿಕೊಳ್ಳುವುದು ಬಸ್ಸು, ಕೊಲ್ಹಾಪುರದಲ್ಲಿ ಚೀಲ ಹಿಡಿದು ನಿಲ್ಲುವವರು ಹೊರನಾಡ ಕನ್ನಡಿಗರು.

ಖಾಸಗಿ ಬಸ್ಸಿನದು ಬೇರೆ ದಾರಿ. ಕರ್ನಾಟಕ ಸರ್ಕಾರ 1976ರಲ್ಲಿ ಕಾಂಟ್ರ್ಯಾಕ್ಟ್ ಕ್ಯಾರೇಜುಗಳನ್ನು ಸ್ವಾಧೀನಪಡಿಸಿಕೊಳ್ಳುವ ಕಾಯ್ದೆ ಮಾಡಿತು. ಸುಪ್ರೀಂ ಕೋರ್ಟು ಮರುವರ್ಷ ಅದನ್ನು ಎತ್ತಿಹಿಡಿಯಿತು. ರದ್ದತಿಯ ಕಾನೂನು ಬಂದದ್ದು 2003ರಲ್ಲಿ. ಆದರೂ ಊರಿಗೆ ಹೋಗುವ ಜನ ಬೆಳೆಯುತ್ತಲೇ ಇದ್ದರು, ಬಸ್ಸೂ ಬೆಳೆದವು. ಅವು ಹಿಡಿದ ದಾರಿ ಟೂರಿಸ್ಟ್ ಪರ್ಮಿಟ್ಟು. ಬಿಳಿ ಬಣ್ಣ, ನಡುವೆ ನೀಲಿ ಪಟ್ಟಿ, ಪಕ್ಕದಲ್ಲಿ ವೃತ್ತದೊಳಗೆ 'ಟೂರಿಸ್ಟ್'. ಪ್ರಯಾಣಿಕರ ಪಟ್ಟಿ ಇಟ್ಟುಕೊಂಡಿರಬೇಕು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಂದೇ ಗುಂಪಾಗಿ ಕರೆದೊಯ್ಯಬೇಕು, ದಾರಿಯಲ್ಲಿ ಹತ್ತಿಸಿ ಇಳಿಸುವಂತಿಲ್ಲ. ಮುಂಬೈಯಿಂದ ಉಡುಪಿಗೋ ಹುಬ್ಬಳ್ಳಿಗೋ ಹೋಗುವ ಸ್ಲೀಪರ್ ಬಸ್ಸು ಬೋರಿವಲಿಯಿಂದ ಪನ್ವೇಲಿನ ತನಕ ಎಷ್ಟು ಕಡೆ ನಿಂತು ಹತ್ತಿಸಿಕೊಳ್ಳುತ್ತದೆ ಎಂದು ನಿಮ್ಮ ಮುಂಬೈ ನೆಂಟರನ್ನು ಕೇಳಿ. ಕಾನೂನಿನ ಕಣ್ಣಲ್ಲಿ ನಾವೆಲ್ಲ ಪ್ರವಾಸಿಗರು. ಅಜ್ಜಿಯ ತಿಥಿಗೆ ಹೊರಟವನೂ ಟೂರಿಸ್ಟೇ.

ಈ ಬಸ್ಸುಗಳು ಹಾದುಹೋಗುವ ಪ್ರತಿ ರಾಜ್ಯಕ್ಕೂ ತೆರಿಗೆ ಕಟ್ಟಬೇಕಿತ್ತು. ರಾಜ್ಯ ಒಡೆದರೆ ತೆರಿಗೆಯೂ ಒಡೆಯುತ್ತದೆ ಎಂಬುದನ್ನು ಹೈದರಾಬಾದಿನಲ್ಲಿ ಇದ್ದಾಗ ಕಣ್ಣಾರೆ ಕಂಡೆ. 2014ರ ಜೂನ್ 2ರಂದು ತೆಲಂಗಾಣ ಹುಟ್ಟಿತು. ಗಾಡಿಗಳಿಗೆ ಟಿಎಸ್ ಎಂಬ ಹೊಸ ಗುರುತು ಬಂತು, 2024ರಲ್ಲಿ ಅದೂ ಟಿಜಿ ಆಯಿತು. 2015ರ ಏಪ್ರಿಲ್ 1ರಿಂದ ಆಂಧ್ರದ ಬಸ್ಸು ಲಾರಿಗಳು ತೆಲಂಗಾಣಕ್ಕೆ ಹೊರರಾಜ್ಯದ ಗಾಡಿಗಳಾಗಿ ತೆರಿಗೆ ಕಟ್ಟಬೇಕಾಯಿತು. ನಿನ್ನೆಯ ತನಕ ಊರೊಳಗಿನ ಗಾಡಿ, ಬೆಳಗಾಗುವುದರಲ್ಲಿ ಪರಕೀಯ. 1956ರಲ್ಲಿ ನಮ್ಮ ಹರಿಹರದಲ್ಲಿ ಆದದ್ದಕ್ಕೆ ತಿರುಗುಮುರುಗು.

2021ರ ಏಪ್ರಿಲ್‌ನಿಂದ ಟೂರಿಸ್ಟ್ ಬಸ್ಸುಗಳಿಗೂ ಒಂದೇ ಫೀ ಬಂತು. ಆನ್‌ಲೈನಿನಲ್ಲಿ ಅರ್ಜಿ, ದೊಡ್ಡ ಎಸಿ ಬಸ್ಸಿಗೆ ವರ್ಷಕ್ಕೆ 3 ಲಕ್ಷ, ದೇಶವೆಲ್ಲ ಮುಕ್ತ. 2023ರಲ್ಲಿ ನಿಯಮಗಳನ್ನು ಇನ್ನೊಮ್ಮೆ ತಿದ್ದಿ ಬರೆದರು.

ಕೊಹಿಮಾ ನೋಡದ ಕೊಹಿಮಾ ಗಾಡಿಗಳು

ಇಲ್ಲಿಂದ ಕಥೆಗೆ ಹೊಸ ತಿರುವು. ಪರ್ಮಿಟ್ ದೇಶಕ್ಕೆಲ್ಲ ಒಂದೇ ಆದ ಮೇಲೆ ಉಳಿದದ್ದು ತವರು ರಾಜ್ಯದ ತೆರಿಗೆ. ಅದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಹಾಗಿದ್ದ ಮೇಲೆ ಎಲ್ಲಿ ಅಗ್ಗವೋ, ಎಲ್ಲಿ ತಪಾಸಣೆ ಸಡಿಲವೋ ಅಲ್ಲೇ ತವರು! ನಾಗಾಲ್ಯಾಂಡಿನ ಎನ್ಎಲ್, ಅರುಣಾಚಲದ ಎಆರ್, ದಮನ್ ಕಡೆಯ ಡಿಡಿ ನಂಬರಿನ ಬಸ್ಸು ಟ್ರೇಲರುಗಳು ಮುಂಬೈ, ಚೆನ್ನೈ, ಬೆಂಗಳೂರುಗಳಲ್ಲಿ ತುಂಬಿದವು. ಎನ್ಎಲ್-01 ಅಂದರೆ ಕೊಹಿಮಾ. ಕೊಹಿಮಾದ ಬೆಟ್ಟ ಏರುವ ಮಾತಿರಲಿ, ಬ್ರಹ್ಮಪುತ್ರಾ ಕೂಡ ನೋಡದ ಎಷ್ಟೋ ಗಾಡಿಗಳು ಪುಣೆ ಬೆಂಗಳೂರು ಹೆದ್ದಾರಿಯಲ್ಲಿ ದಿನವೂ ಓಡುತ್ತವೆ.

ಬ್ಯಾಂಕಿನವನ ಕಣ್ಣಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಹಣ ಕೂಡ ಹೀಗೇ, ತೆರಿಗೆ ಕಡಿಮೆ ಇರುವ ಕಡೆಗೆ ಹರಿಯುತ್ತದೆ. ಆದರೆ ನಷ್ಟ ಯಾರಿಗೆ? ರಸ್ತೆ ಸವೆಯುವುದು ಕರ್ನಾಟಕ, ಮಹಾರಾಷ್ಟ್ರಗಳಲ್ಲಿ, ತವರು ತೆರಿಗೆ ಸೇರುವುದು ಬೇರೆಲ್ಲೋ. ಇಂಡಿಯ ಆ ಒಂಟಿ ಲಾರಿಯವನು ಎರಡು ಸಾವಿರ ಮೈಲಿ ದೂರದಲ್ಲಿ ವಿಳಾಸ ಮಾಡಿಕೊಳ್ಳಬಲ್ಲನೆ? ಇದು ದೊಡ್ಡ ಮಾಲೀಕರ ಆಟ. 2024ರ ಜೂನ್‌ನಲ್ಲಿ ತಮಿಳುನಾಡು, ಹೊರರಾಜ್ಯದ ನಂಬರಿನ ಐನೂರಕ್ಕೂ ಹೆಚ್ಚು ಖಾಸಗಿ ಬಸ್ಸುಗಳು ತನ್ನಲ್ಲಿ ಓಡಕೂಡದೆಂದು ತಡೆ ಹಾಕಿದ್ದು ಈ ಕಾರಣಕ್ಕೇ. ಇತ್ತ ಬಸ್ಸಿನವರು ದೇಶದ ಪರ್ಮಿಟ್ ಕೊಟ್ಟ ಮೇಲೆ ನಿಮ್ಮದೇನು ತಕರಾರು ಅಂದರು. ಅಜ್ಮೇರದ ಹಳೇ ವ್ಯಾಜ್ಯವೇ ಹೊಸ ಅಂಗಿ ತೊಟ್ಟು ಬಂದಿತ್ತು.

ತೆರಿಗೆಯೊಂದೇ ವಿಷಯವಾಗಿದ್ದರೆ ಮಾಲೀಕರು, ಸರ್ಕಾರಗಳು ಬಡಿದಾಡಿಕೊಳ್ಳಲಿ ಎಂದು ಸುಮ್ಮನಿರಬಹುದಿತ್ತು. 2025ರ ಅಕ್ಟೋಬರ್ 24ರ ನಸುಕಿನಲ್ಲಿ ಹೈದರಾಬಾದಿನಿಂದ ಬೆಂಗಳೂರಿಗೆ ಹೊರಟಿದ್ದ ಖಾಸಗಿ ಸ್ಲೀಪರ್ ಬಸ್ಸು ಕರ್ನೂಲಿನ ಬಳಿ ಹೊತ್ತಿ ಉರಿದು ಸುಮಾರು ಇಪ್ಪತ್ತು ಜನ ಸತ್ತರು. ಬಸ್ಸಿನ ಮೊದಲ ನೋಂದಣಿ ದಮನ್ ಕಡೆಯದು, ಆಮೇಲೆ ಒಡಿಶಾದ್ದು. ಓಡುತ್ತಿದ್ದದ್ದು ತೆಲಂಗಾಣ, ಆಂಧ್ರ, ಕರ್ನಾಟಕಗಳಲ್ಲಿ. ಬೆಂಕಿ ನಂಬರ್ ಪ್ಲೇಟಿನಿಂದ ಹತ್ತಿದ್ದಲ್ಲ, ನಿಜ. ಆದರೆ ನೋಂದಣಿ ಅಂದರೆ ಬರೀ ರಸೀದಿಯಲ್ಲ. ಈ ಗಾಡಿಯ ಬಾಡಿ ಸರಿಯಿದೆ, ಬಾಗಿಲು ತೆರೆಯುತ್ತದೆ, ಸೀಟು ಇದ್ದಲ್ಲಿ ಬರ್ತು ಕೂರಿಸಿಲ್ಲ ಎಂದು ಒಬ್ಬ ಇನ್‌ಸ್ಪೆಕ್ಟರು ಕಣ್ಣಿಂದ ನೋಡಿ ಸಹಿ ಹಾಕಿದ್ದಾನೆ ಎಂಬ ಭರವಸೆ. ಗಾಡಿ ಒಂದು ಮೂಲೆಯಲ್ಲಿ, ಅದರ ಕಡತ ಇನ್ನೊಂದು ಮೂಲೆಯಲ್ಲಿ ಇದ್ದರೆ ಆ ಕಣ್ಣು ಯಾರದು?

ನೂರು ವರ್ಷ ನಾವು ಗಡಿಯ ಗೇಟುಗಳನ್ನು ಬೈದೆವು, ಬೈಯುವುದು ನ್ಯಾಯವಾಗಿಯೇ ಇತ್ತು. ಒಂದೊಂದಾಗಿ ಅವು ತೆರೆದವು. ತೆರೆದದ್ದರಿಂದ ನಮ್ಮ ಮೆಣಸಿನಕಾಯಿ, ಲಿಂಬೆ, ನಾವು ಎಲ್ಲರೂ ಬೇಗ ಮನೆ ಸೇರುತ್ತಿದ್ದೇವೆ. ಆದರೆ ಗೇಟು ತೆಗೆಯುವಾಗ ಅಲ್ಲಿ ಕಾವಲು ನಿಂತವನ ಕೆಲಸವನ್ನು ಯಾರಿಗೆ ಒಪ್ಪಿಸಬೇಕು ಎಂದು ತೀರ್ಮಾನಿಸಲಿಲ್ಲ. ಫೀ ಹಂಚಿಕೊಳ್ಳಲು ರಾಜ್ಯಗಳು ಸೂತ್ರ ಹುಡುಕಿದವು. ಹೊಣೆ ಹಂಚಿಕೊಳ್ಳುವ ಸೂತ್ರ ಇನ್ನೂ ಬರೆಯಬೇಕಾಗಿದೆ.

2021ರ ಸೆಪ್ಟೆಂಬರಿನಿಂದ ಬಿಎಚ್ ಎಂಬ ಹೊಸ ನಂಬರು ಸಿಗುತ್ತಿದೆ. ರಾಜ್ಯದ ಹೆಸರಿಲ್ಲ, ಭಾರತದ್ದು. ಸರ್ಕಾರಿ ಮತ್ತು ಸಾರ್ವಜನಿಕ ಸಂಸ್ಥೆಗಳ ನೌಕರರು, ನಾಲ್ಕಕ್ಕಿಂತ ಕಡಿಮೆಯಿಲ್ಲದ ರಾಜ್ಯಗಳಲ್ಲಿ ಕಚೇರಿಯಿರುವ ಕಂಪನಿಗಳವರು ತಮ್ಮ ಸ್ವಂತ ಕಾರಿಗೆ ಪಡೆಯಬಹುದು. ವರ್ಗವಾದಲ್ಲೆಲ್ಲ ಅದೇ ನಂಬರು. ನಾನು ಸೇವೆಯಲ್ಲಿದ್ದಾಗ ಅದು ಇದ್ದಿದ್ದರೆ ನನಗೂ ಸಿಗುತ್ತಿತ್ತು. ವರ್ಷಕ್ಕೆ ಎಂಟು ಸಾವಿರ ಕಿಲೋಮೀಟರು ಓಡುವ ಬ್ಯಾಂಕ್ ಅಧಿಕಾರಿಯ ಕಾರಿಗೆ ಇಡೀ ಭಾರತವೇ ಊರು. ತಿಂಗಳಿಗೇ ಅಷ್ಟು ಓಡುವ ಲಾರಿಗೆ ಮಾತ್ರ ಬಿಎಚ್ ನಂಬರು ಇಲ್ಲ. ಅದು ಇವತ್ತಿಗೂ ಯಾವುದಾದರೂ ಒಂದು ರಾಜ್ಯದ ಹೆಸರು ಹೇಳಲೇಬೇಕು.